ಮೂರು ಗಡ್ಡೆ, ಒಂದು ಮೊಸಳೆ ಮತ್ತು ನೀಲಮ್ಮನವರ ಲಿಂಗ

ಟೂರಿಸಂ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಯಾವ ಆಟೋದವನಿಗಾದರೂ "ಟೂರ್ ಸರೋಜಕ್ಕನ ಮನಿ" ಎಂದರೆ ಸಾಕು, ಬಾಗಿಲಿಗೇ ತಂದು ಬಿಡುತ್ತಾನೆ. ಬಂದವರು ಚಹಾ ಕುಡಿದು, ಫೋನು ಕೆಳಗಿಟ್ಟು, "ಅಕ್ಕಾ, ಈ ಫೀಲ್ಡಿಗೆ ಏನು ಸ್ಕಿಲ್ ಬೇಕು?" ಎಂದು ಕೇಳುತ್ತಾರೆ. ಅವರ ಕೋರ್ಸಿನಲ್ಲಿ ಪ್ರವಾಸಿಗರ ಮನಸ್ಸಿನ ಬಗ್ಗೆ ಒಂದು ಪಾಠವೇ ಇದೆಯಂತೆ. ನಮಗೆ ಪಾಠ ಇರಲಿಲ್ಲ, ಪ್ರವಾಸಿಗರೇ ಇದ್ದರು. ಬಸ್ಸು ಊರ ಗಡಿ ದಾಟುವ ಮೊದಲೇ ಬುತ್ತಿ ಬಿಚ್ಚುವವರು, ಕಿಟಕಿ ಸೀಟಿಗಾಗಿ ಬೀಗರ ಜೊತೆ ಮಾತು ಬಿಟ್ಟವರು, ಎಲ್ಲಿಗೆ ಕರೆದುಕೊಂಡು ಹೋದರೂ "ಇದಕ್ಕಿಂತ ನಮ್ಮೂರ ಚಲೋ ಐತಿ" ಎನ್ನುವವರು.

ನಾನು ಈ ಕೆಲಸಕ್ಕೆ ಬಂದದ್ದು ಟಿಕೆಟ್ ಬರೆಯಲಿಕ್ಕೆ. ನಮ್ಮ ಮಾಲೀಕ ಪಂಪಣ್ಣನಿಗೆ ಆಗ ಎರಡು ಬಸ್ಸು, ಒಂದು ಮೇಜು. ಟೂರಿಗೆ ಬಂದ ಹೆಂಗಸರು ದಾರಿಯಲ್ಲಿ ತಮಗೆ ಬೇಕಾದ್ದನ್ನು ಗಂಡು ಗೈಡುಗಳ ಹತ್ತಿರ ಬಾಯಿಬಿಟ್ಟು ಕೇಳಲಾರದೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಹೀಗಾಗಿ ಪಂಪಣ್ಣ ನನ್ನನ್ನು ಬಸ್ಸು ಹತ್ತಿಸಿದ. ಮುಂದೆ ಟೂರ್ ಮ್ಯಾನೇಜರ್ ಆದ ಬಡ್ತಿಯ ವಿಷಯ ಬರೆಯುವಂಥದ್ದೇನಿಲ್ಲ. ಕುರ್ಚಿ ಬದಲಾಯಿತು, ತಲೆಯ ಮೇಲಿನ ಫ್ಯಾನು ಅದೇ ಉಳಿಯಿತು.

ಮೊದಲೆಲ್ಲ ನಮ್ಮದು ದೇವರ ಟೂರು. ತಿರುಪತಿ, ಶ್ರೀಶೈಲ, ಮಂತ್ರಾಲಯ. ಕೂದಲು ಕೊಟ್ಟು ಲಡ್ಡು ತಂದರೆ ಜನ ಸಮಾಧಾನವಾಗಿರುತ್ತಿದ್ದರು. ದರ್ಶನ ಸರಿಯಾಗಲಿಲ್ಲ ಎಂದು ಯಾರೂ ನಮ್ಮನ್ನು ಬೈಯುತ್ತಿರಲಿಲ್ಲ, ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತಿದ್ದರು. ಆಮೇಲೆ ಕ್ಯಾಮೆರಾ ಫೋನು ಬಂತು, ರೀಲ್ಸು ಬಂತು, ಸ್ಟಾರ್ ಕೊಡುವ ಪದ್ಧತಿ ಬಂತು. ಅಲ್ಲಿಂದ ಹಣೆಬರಹದ ಜವಾಬ್ದಾರಿಯೂ ಟೂರ್ ಮ್ಯಾನೇಜರಿನ ತಲೆಗೇ ಬಂತು.

ಅದೇ ಹೊತ್ತಿಗೆ ಪಂಪಣ್ಣ ತನ್ನ ಹೆಂಡತಿಯ ಅಣ್ಣತಮ್ಮಂದಿರ ಜೊತೆ ಯಾವುದೋ ದೇಶಕ್ಕೆ ಹೋಗಿ ದ್ವೀಪಗಳನ್ನು ನೋಡಿ ಬಂದ. ಹೋಗುವಾಗ ಪ್ಯಾಂಟು ಹಾಕಿಕೊಂಡು ಹೋದವನು ಬರುವಾಗ ಹೂವಿನ ಚಡ್ಡಿಯಲ್ಲಿ ಬಂದ. ಆಫೀಸಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದ:

"ಇನ್ನ ಮ್ಯಾಲೆ ನಾವೂ ಐಲ್ಯಾಂಡ್ ಹಾಪಿಂಗ್ ಮಾಡೋಣ. ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕ ಜಿಗಿಯೋದು. ನೀರಾಟ, ಕಾಡುಪ್ರಾಣಿ, ರೋಡ್ ಟ್ರಿಪ್, ಎಲ್ಲಾ ಒಂದ ಪ್ಯಾಕೇಜಿನಾಗ."

"ಬಳ್ಳಾರಿಯಾಗ ಸಮುದ್ರ ಎಲ್ಲೈತ್ರಿ ಸಾಹುಕಾರ?" ಎಂದೆ ನಾನು.

"ಸಮುದ್ರ ಯಾಕ ಬೇಕು? ಹೊಳಿ ಇಲ್ಲೇನು? ಸಿರುಗುಪ್ಪದ ಕಡಿ ತುಂಗಭದ್ರಾದಾಗ ಎಷ್ಟು ಗಡ್ಡಿ ಅದಾವ! ಸುತ್ತ ನೀರು, ನಡುವ ಮಣ್ಣು. ದ್ವೀಪ ಅಂದ್ರ ಮತ್ತೇನು?"

ಭೂಗೋಳದ ಪ್ರಕಾರ ಅವನದು ತಪ್ಪಲ್ಲ. ಪೋಸ್ಟರ್ ಛಾಪಿಸಿದ. ನೀಲಿ ನೀರು, ತೆಂಗಿನ ಸಾಲು, ಮೂಲೆಯಲ್ಲಿ ನೀರಿಂದ ಮೇಲೆ ಹಾರುವ ಡಾಲ್ಫಿನ್. ಡಾಲ್ಫಿನ್ ಯಾಕೆ ಎಂದು ಕೇಳಿದ್ದಕ್ಕೆ, "ಫೋಟೋದಾಗ ಅದ ಬಂದೈತಿ, ತೆಗಿಯಾಕ ಬರಲಿಲ್ಲಂತ. ಇರ್ಲಿ ಬಿಡು, ಯಾರ್ ನೋಡ್ತಾರ" ಎಂದ.

ಹೀಗೆ ಶುರುವಾಯಿತು ನಮ್ಮ ಗಡ್ಡೆ ಟೂರು. ಬಳ್ಳಾರಿಯಲ್ಲಿ ನಸುಕಿಗೆ ಬಸ್ಸು ಹೊರಡಬೇಕು. ಸಂಗನಕಲ್ಲಿನ ಗುಡ್ಡವನ್ನು ಕಿಟಕಿಯಿಂದಲೇ ತೋರಿಸಿ "ಇಲ್ಲಿ ಕಲ್ಲಿನ ಕಾಲದ ಮಂದಿ ಇದ್ದರು" ಎನ್ನಬೇಕು. ಕುರುಗೋಡಿನಲ್ಲಿ ಅಲ್ಲಿಯ ಜನರನ್ನು ಹತ್ತಿಸಿಕೊಂಡು ಸಿರುಗುಪ್ಪ ದಾಟಿ ಹೊಳೆ ಮುಟ್ಟಬೇಕು. ಅಲ್ಲಿ ಹುಸೇನಪ್ಪನ ಹರಿಗೋಲುಗಳು ಕಾಯುತ್ತಿರುತ್ತಿದ್ದವು. ಹುಸೇನಪ್ಪ ಅಲ್ಲಿಯವನೇ, ಮೀನು ಹಿಡಿಯುವವನು. ಮೊದಲನೆಯ ಗಡ್ಡೆಯಲ್ಲಿ ಆಡುಗಳು ಮೇಯುತ್ತಿದ್ದವು, ಎರಡನೆಯದರಲ್ಲಿ ಒಂದು ಹಳೆಯ ಕಲ್ಲು ಮಂಟಪ, ಮೂರನೆಯದರಲ್ಲಿ ಮರಳು ಮತ್ತು ಬಂಡೆ. ನೀರಾಟ ಎಂದರೆ ಗಾಳಿ ತುಂಬಿದ ಲಾರಿ ಟ್ಯೂಬು, ಮತ್ತು ಹರಿಗೋಲನ್ನು ಗರಗರ ತಿರುಗಿಸುವುದು. ಕಾಡುಪ್ರಾಣಿ ಎಂದರೆ ನೀರುನಾಯಿ, ಕೊಕ್ಕರೆ, ಮತ್ತು ಮೂರನೆಯ ಗಡ್ಡೆಯ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ.

ನೀರಾಟವೂ ಕಾಡುಪ್ರಾಣಿಯೂ ಒಂದೇ ನೀರಿನಲ್ಲಿ ಎಂಬುದು ಪಂಪಣ್ಣನ ತಲೆಗೆ ಹೋಗಿರಲಿಲ್ಲ. ಮುಂಜಾನೆ ನೀರಾಟ, ಮಧ್ಯಾಹ್ನ ಕಾಡುಪ್ರಾಣಿ ಎಂದು ಅವನು ವೇಳಾಪಟ್ಟಿ ಮಾಡಿದ್ದ. ಮೊಸಳೆಗೆ ಅದರ ಪ್ರತಿ ತಲುಪಿರಲಿಲ್ಲ. ಮೊದಲನೇ ತಂಡದಲ್ಲಿ ಕುಡತಿನಿ ಕಡೆಯ ನಾಲ್ಕು ಜನ ಯುವಕರು ಟ್ಯೂಬಿನ ಮೇಲೆ ಮಲಗಿ ತೇಲುತ್ತ ಬಂಡೆಯ ಹತ್ತಿರ ಹೋದರು. ಅದರ ಮೇಲಿದ್ದ ಮೊಸಳೆ ಪಂಪಣ್ಣ ಸಿಮೆಂಟಿನಿಂದ ಮಾಡಿಸಿ ಇಟ್ಟ ಗೊಂಬೆ ಎಂದುಕೊಂಡು ಒಬ್ಬ ಸೆಲ್ಫಿ ಹೊಡೆಯಲು ಬೆನ್ನು ತಿರುಗಿಸಿ ನಿಂತ. ಗೊಂಬೆ ಬಾಯಿ ತೆರೆಯಿತು, ಮುಚ್ಚಿತು, ಸರ್ರನೆ ನೀರಿಗಿಳಿಯಿತು. ಆ ನಾಲ್ವರಲ್ಲಿ ಈಜು ಬರದ ಇಬ್ಬರೂ ಆ ದಿನ ಈಜಿ ದಡ ಸೇರಿದರು. ನಾನು ದಂಡೆಯಲ್ಲಿ ನಿಂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಅವರು ಮನೆಗೆ ಹೋಗಿ ಐದು ಸ್ಟಾರ್ ಕೊಟ್ಟು, "ಪ್ರಾಣಿಗಳನ್ನು ಬಹಳ ಹತ್ತಿರದಿಂದ ನೋಡಬಹುದು" ಎಂದು ಬರೆದರು. ಮುಂದಿನ ವಾರಕ್ಕೆ ಬಸ್ಸು ತುಂಬಿತು.

ಹಾಗೆ ತುಂಬಿದ ಬಸ್ಸುಗಳಲ್ಲೊಂದರಲ್ಲಿ ನೀಲಮ್ಮನವರು ಬಂದರು.

ಕುರುಗೋಡಿನವರು. ಅಂಗಡಿ, ಹೊಲ ಎಲ್ಲ ಇದ್ದ ಮನೆತನ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸಣ್ಣ ಆಳು, ಬೆಳ್ಳನೆಯ ಕೂದಲು, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಅದರೊಳಗೆ ಇಷ್ಟಲಿಂಗ. ಅವರ ಜೊತೆ ನೆಂಟರಿಷ್ಟರ ದೊಡ್ಡ ತಂಡ, ತಂಡದ ತಲೆಯ ಮೇಲೆ ಮೈದುನ ದೊಡ್ಡಬಸಪ್ಪ. ಇಸ್ತ್ರಿ ಮಾಡಿದ ಧೋತರ, ಹೆಗಲ ಮೇಲೆ ಜರಿ ಶಲ್ಯ, ಮಾತು ಮಾತಿಗೆ "ಆಚಾರ ಅಂದ್ರ ಏನಂತ ತಿಳದೀರಿ?" ಬಸ್ಸಿನ ಎಸಿಯಿಂದ ಹಿಡಿದು ಉಪ್ಪಿಟ್ಟಿನ ಸಾಸಿವೆಯ ತನಕ ಅವರ ಆಚಾರಕ್ಕೆ ಸಂಬಂಧಪಡದ ವಿಷಯ ಒಂದೂ ಇರಲಿಲ್ಲ.

ಈಗಿನ ಹುಡುಗರಿಗೆ ಒಂದು ಮಾತು ಹೇಳಬೇಕು. ಇಷ್ಟಲಿಂಗ ಕಟ್ಟಿಕೊಂಡ ಹಿರಿಯರು ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಅನ್ನ ಹಾಕುವುದಿಲ್ಲ. ಅವತ್ತಿನ ಏರ್ಪಾಡೂ ಹಾಗೇ ಇತ್ತು. ಮೊದಲ ಗಡ್ಡೆ ನೋಡಿಕೊಂಡು, ಎರಡನೆಯ ಗಡ್ಡೆಯ ಮಂಟಪದಲ್ಲಿ ಎಲ್ಲರ ಪೂಜೆ, ಆಮೇಲೆ ನಾಷ್ಟಾ. ಆದರೆ ನೀಲಮ್ಮನವರಿಗೆ ಸಕ್ಕರೆ ಕಾಯಿಲೆ. ಮನೆ ಬಿಡುವಾಗಲೇ ಗುಳಿಗೆ ನುಂಗಿದ್ದರು. "ಔಷಧಕ್ಕ ಮಡಿ ಇಲ್ಲವ್ವ" ಎಂದು ನನಗೆ ಹೇಳಿ ನಕ್ಕಿದ್ದರು.

ಹೊಳೆಯ ದಂಡೆಯಲ್ಲಿ ಹುಸೇನಪ್ಪ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಂಚಿದ. ದೊಡ್ಡಬಸಪ್ಪ ತಮ್ಮದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೂಸಿದರು.

"ಇದನ್ನ ನಿನ್ನೆ ಯಾರು ಹಾಕ್ಕೊಂಡಿದ್ರೋ, ಏನು ತಿಂದಿದ್ರೋ. ಇದರ ಒಳಗ ಲಿಂಗ ಇಟ್ಕೋಬೇಕೇನು? ಎಲ್ಲಾರೂ ಕರಡಿಗಿ ಹೊರಗ ತಗೀರಿ, ಜಾಕೀಟಿನ ಮ್ಯಾಲೆ ಬರಲಿ."

"ಬ್ಯಾಡ್ರಿ ಗೌಡ್ರ, ಹರಿಗೋಲು ಸುತ್ತುವಾಗ ಹಾರ್ತಾವು. ಒಳಗ ಇರ್ಲಿ" ಎಂದ ಹುಸೇನಪ್ಪ.

ನಾನೂ ಅದನ್ನೇ ಹೇಳಿದೆ. ದೊಡ್ಡಬಸಪ್ಪ "ಸರೋಜಮ್ಮಾರ, ನೀವು ನಮ್ಮೋರಲ್ಲ, ನಿಮಗ ಇದು ತಿಳಿಯೂದಿಲ್ಲ" ಎಂದು ಬಾಯಿ ಮುಚ್ಚಿಸಿದರು. ಇಡೀ ತಂಡ ಕರಡಿಗೆಗಳನ್ನು ಹೊರಗೆ ತೆಗೆದು ಕಿತ್ತಳೆ ಜಾಕೆಟ್ಟಿನ ಮೇಲೆ ತೂಗಿಬಿಟ್ಟುಕೊಂಡಿತು. ಬೆಳ್ಳಿ ಡಬ್ಬಿಗಳೆಲ್ಲ ಬಿಸಿಲಿಗೆ ಹೊಳೆಯುತ್ತಿದ್ದವು.

ಮೊದಲ ಗಡ್ಡೆಯಿಂದ ಎರಡನೆಯದಕ್ಕೆ ಹೋಗುವಾಗ ಹುಸೇನಪ್ಪ "ಸುತ್ತಸಲೇನ್ರಿ?" ಎಂದು ಕೇಳಿದ. ಗಂಡಸರೆಲ್ಲ ಹರಿಗೋಲಿನ ಅಂಚು ಹಿಡಿದುಕೊಂಡು ಮೋಡ ನೋಡತೊಡಗಿದರು. ನೀಲಮ್ಮನವರೊಬ್ಬರೇ "ಸುತ್ತಸಪ್ಪ, ಅದಕ್ಕ ಬಂದೀನಿ" ಎಂದರು. ಹರಿಗೋಲು ತಿರುಗಿತು. ಮುದುಕಿ ಕಣ್ಣು ಮುಚ್ಚಿ, ಬಾಯಿ ತುಂಬ ನಗುತ್ತ, "ಇನ್ನೂ ಜೋರು!" ಎಂದರು. ಕರಡಿಗೆ ಎದೆಯಿಂದ ಎದ್ದು ಒಂದು ಸುತ್ತು ಹೊಡೆಯಿತು. ಅದನ್ನು ಕಟ್ಟಿದ್ದ ಹಳೆಯ ಶಿವದಾರ ಪಟ್ಟನೆ ಹರಿಯಿತು. ಆಮೇಲೆ ಗುಳುಕ್ ಎಂಬ ಒಂದು ಶಬ್ದ.

ಆ ನಗು ಅರ್ಧಕ್ಕೇ ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರು ಕಿರುಚಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಸವರಿದರು, ಮತ್ತೆ ಸವರಿದರು.

ಮಂಟಪಕ್ಕೆ ಕರೆತಂದು ಕೂರಿಸಿದೆವು. ಹುಸೇನಪ್ಪ ಮೇಲಿಂದ ಮೇಲೆ ಮುಳುಗಿ ಎದ್ದ. ಕೆಸರು ಬಂತು, ಚಿಪ್ಪು ಬಂತು, ಲಿಂಗ ಬರಲಿಲ್ಲ. ದಂಡೆಯಲ್ಲಿ ತಂಡದವರು ಒಬ್ಬೊಬ್ಬರು ಒಂದೊಂದು ಧರ್ಮಸೂಕ್ಷ್ಮ ಹೇಳತೊಡಗಿದರು. ದೊಡ್ಡಬಸಪ್ಪ ಎಲ್ಲರನ್ನೂ ಸುಮ್ಮನಿರಿಸಿ ತೀರ್ಪು ಕೊಟ್ಟರು:

"ಲಿಂಗ ಸಿಗೂತನ ಅತ್ತಿಗೆವ್ವ ಹನಿ ನೀರೂ ಮುಟ್ಟಂಗಿಲ್ಲ. ಮನಿಯಾಕಿ ಉಪವಾಸ ಇದ್ದಾಗ ನಾವೂ ಉಣ್ಣಂಗಿಲ್ಲ. ಇದು ನಮ್ಮ ಆಚಾರ."

ನಾಷ್ಟಾದ ಡಬ್ಬಿಗಳು ಮುಚ್ಚಿದವು. ತಂಡದ ಮುಖಗಳಲ್ಲಿ ಆಚಾರಕ್ಕಿಂತ ಉಪ್ಪಿಟ್ಟಿನ ಚಿಂತೆಯೇ ಎದ್ದು ಕಾಣುತ್ತಿತ್ತು.

"ಹಂಗಾರ ನೀವೂ ಬರ್ರಿ ಗೌಡ್ರ. ಹರಿಗೋಲಿನಾಗ ಎದುರಿಗೇ ಕುಂತಿದ್ರಿ, ಎಲ್ಲಿ ಬಿತ್ತಂತ ತೋರಸ್ರಿ" ಎಂದ ಹುಸೇನಪ್ಪ, ಎದೆಮಟ್ಟ ನೀರಿನಲ್ಲಿ ನಿಂತು.

ದೊಡ್ಡಬಸಪ್ಪ ಧೋತರ ಎತ್ತಿ ಕಟ್ಟಿ ಎರಡು ಹೆಜ್ಜೆ ಇಟ್ಟರು. ದೂರದ ಬಂಡೆಯ ಮೇಲೆ ಮೊಸಳೆ ಮೈ ಚಾಚಿತ್ತು. ಅವರು ಅದನ್ನು ನೋಡಿದರು. ಧೋತರ ಇಳಿಯಿತು. ತಮಗೆ ನೆಗಡಿ ಎಂದರು.

ಹೊತ್ತು ಏರಿತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದಕ್ಕೆ ತಿಂಗಳು ವಾರ ಇಲ್ಲ. ನೀಲಮ್ಮನವರ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಕೈ ಹಿಡಿದು ನೋಡಿದೆ, ತಣ್ಣಗೆ ನಡುಗುತ್ತಿತ್ತು. ನನ್ನ ತಾಯಿಗೂ ಇದೇ ಕಾಯಿಲೆ ಇತ್ತು, ಗುಳಿಗೆ ನುಂಗಿ ಉಣ್ಣದಿದ್ದಾಗ ಸಕ್ಕರೆ ಇಳಿದು ಬರುವ ಆ ನಡುಕದ ಮುಂದಿನ ಹಂತ ಯಾವುದು ಎಂದು ಚೆನ್ನಾಗಿ ಬಲ್ಲೆ. ಚೀಲದಲ್ಲಿದ್ದ ಬೆಲ್ಲದ ತುಂಡು ತೆಗೆದು, "ಅವ್ವಾರ, ನಿಮ್ಮ ಕಾಲಿಗೆ ಬೀಳ್ತೀನಿ, ಇಷ್ಟು ಬಾಯಾಗ ಹಾಕ್ಕೋರಿ" ಎಂದೆ. ಅವರು ತಲೆ ಅಲ್ಲಾಡಿಸಿದರು.

"ನಿಮ್ಮ ಗುರುಗಳನ್ನಾದ್ರೂ ಕೇಳ್ರಿ" ಎಂದು ದೊಡ್ಡಬಸಪ್ಪನವರ ಮೇಲೆ ಎಗರಿದೆ. ಕುರುಗೋಡಿನ ಹೊರಗೆ ಅವರ ಮನೆತನದ ಸಣ್ಣ ಮಠವೊಂದು ಇತ್ತು.

"ಬುದ್ಧಿಯವರು ಊರಾಗ ಇಲ್ಲ" ಎಂದರು ಅವರು, ಕಣ್ಣು ಮಿಟುಕಿಸದೆ.

ನಾನು ಪಂಪಣ್ಣನಿಗೆ ಫೋನು ಮಾಡಿದೆ. ಮುದುಕಿಯ ಜೀವದ ವಿಷಯ ಎಂದೆ. ಅವನು ಟೂರಿನ ಹೆಸರಿನ ವಿಷಯ ಎಂದ. "ಫೋನ್ ಆ ಗೌಡ್ರ ಕೈಯಾಗ ಕೊಡು" ಎಂದ. ಇಬ್ಬರೂ ಏನೋ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಸಿರುಗುಪ್ಪದಿಂದ ಬೈಕಿನಲ್ಲಿ ದಂಡೆಗೆ ಬಂದ ಒಬ್ಬ ಹರಿಗೋಲು ಹತ್ತಿ ಗಡ್ಡೆಗೆ ಬಂದು ದೊಡ್ಡಬಸಪ್ಪನವರ ಕೈಗೆ ಪುಟ್ಟ ಪೊಟ್ಟಣ ಕೊಟ್ಟು ಹೋದ. ಅವರು ಗಿಡಗಳ ಹಿಂದೆ ಹೋದರು. ಅಲ್ಲಿಂದ ಬರುವಾಗ ಎರಡೂ ಕೈ ಮೇಲೆತ್ತಿ ಕೂಗುತ್ತಲೇ ಬಂದರು:

"ಸಿಕ್ತು! ಅತ್ತಿಗೆವ್ವ, ಲಿಂಗ ಸಿಕ್ತು! ನಾನ ಇಳದು ತಂದೆ! ಕರಡಿಗಿ ನೀರುಪಾಲಾತು, ಲಿಂಗ ಮಾತ್ರ ಕೈಗಿ ಬಂತು!"

ತಂಡದವರು "ಹರ ಹರ" ಎಂದರು. ಉಪ್ಪಿಟ್ಟಿನ ಡಬ್ಬಿಯ ಮುಚ್ಚಳವೊಂದು ಆಗಲೇ ಸಪ್ಪಳ ಮಾಡಿತು. ಅಂಗಡಿಯ ಲಿಂಗಕ್ಕೆ ಹೊಳೆಯ ಕೆಸರು ಹಚ್ಚಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಆ ಸುಳ್ಳಿನಿಂದ ಮುದುಕಿಯ ಬಾಯಿಗೆ ಬೆಲ್ಲ ಹೋಗುವುದಾದರೆ ಹೋಗಲಿ ಎಂದಿತು ಮನಸ್ಸು.

ನೀಲಮ್ಮನವರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಮದುವೆಗೂ ಮೊದಲಿನಿಂದ ದಿನಾ ನೋಡಿದ ವಸ್ತು. ಅದು ತಮ್ಮದಲ್ಲವೆಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಮೈದುನನನ್ನು ತಲೆಯಿಂದ ಕಾಲಿನ ತನಕ ನೋಡಿದರು.

"ನೀನ ಇಳದು ತಂದೇನು?"

"ಹೂಂ ಮತ್ತ. ಮೊಸಳಿ ಮುಂದ ಹಾದು ಹೋದೆ."

"ಧೋತರದ ಇಸ್ತ್ರಿ ಸೈತ ಮುರದಿಲ್ಲಲ್ಲೋ, ದೊಡ್ಡಬಸಪ್ಪ."

ಎಲ್ಲರೂ ಧೋತರ ನೋಡಿದರು. ಅಂಚು ಕೂಡ ಹಸಿಯಾಗಿರಲಿಲ್ಲ. ನೀರಿನಿಂದ ಆಗಷ್ಟೇ ಎದ್ದು ಬಂದ ಹುಸೇನಪ್ಪ ತೊಟ್ಟಿಕ್ಕುತ್ತ ಪಕ್ಕದಲ್ಲೇ ನಿಂತಿದ್ದ.

ನೀಲಮ್ಮನವರು ಆ ಲಿಂಗವನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಮಂಟಪದ ಕಲ್ಲಿನ ಮೇಲೆ ಜೋಪಾನವಾಗಿ ಇಟ್ಟರು. "ಇದರದೇನು ತಪ್ಪಿಲ್ಲ. ಸುಳ್ಳು ಕಟ್ಟಿಕೊಂಡು ನಾ ಉಣ್ಣೂದಿಲ್ಲ. ಸರೋಜವ್ವ, ಮಠಕ್ಕ ಫೋನ್ ಹಚ್ಚು" ಎಂದರು. ದನಿ ತೊದಲುತ್ತಿತ್ತು.

ತಂಡದಲ್ಲಿದ್ದ ಒಬ್ಬ ಹೆಣ್ಣುಮಗಳು ತಟ್ಟನೆ ನಂಬರ್ ಕೊಟ್ಟಳು. ಅಷ್ಟು ಹೊತ್ತೂ ಆಕೆಯ ಹತ್ತಿರವೇ ಇತ್ತು ನಂಬರು. ಫೋನೆತ್ತಿದವರು ಸ್ವಾಮಿಗಳೇ.

"ನಾ ಎಲ್ಲಿಗಿ ಹೋಗಲವ್ವ, ಇಲ್ಲೇ ಅದೀನಿ" ಎಂದರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. "ಜೀವ ಉಳದ್ರ ಮುಂದ ಲಿಂಗಪೂಜಿ. ಮೊದಲ ಆಕಿಗಿ ಬೆಲ್ಲದ ನೀರು ಕುಡಸ್ರಿ, ನನ್ನ ಮಾತು ಅಂತ ಹೇಳ್ರಿ. ಆಮ್ಯಾಲೆ ಕರಕೊಂಡು ಬರ್ರಿ. ಹೊಸಾ ಲಿಂಗ ನಾ ಕಟ್ತೀನಿ" ಎಂದರು.

ಸ್ಪೀಕರಿನಲ್ಲಿ ಗುರುವಿನ ಮಾತು ಕೇಳಿ ನೀಲಮ್ಮನವರು ಬಾಯಿ ತೆರೆದರು. ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ನಡುಕ ಇಳಿಯುವ ತನಕ ನಾನು ಆ ಕೈ ಬಿಡಲಿಲ್ಲ. ಆಮೇಲೆ ಆಚೆ ಹೋಗಿ ಮಂಟಪದ ಕಂಬಕ್ಕೆ ಮುಖ ಮಾಡಿ ಅತ್ತುಬಿಟ್ಟೆ. ಟೂರ್ ಮ್ಯಾನೇಜರ್ ಅಳಬಾರದು ಎಂದು ನಿಮ್ಮ ಕೋರ್ಸಿನಲ್ಲಿ ಬರೆದಿದ್ದರೆ ಆ ಸಾಲು ಹೊಡೆದುಹಾಕಿ.

ಬಸ್ಸು ಕುರುಗೋಡಿನ ಕಡೆ ತಿರುಗಿತು. ದಾರಿಯಲ್ಲಿ ನಂಬರ್ ಕೊಟ್ಟ ಹೆಣ್ಣುಮಗಳು ನನ್ನ ಪಕ್ಕ ಬಂದು ಕೂತು ಒಳಗಿನ ಸುದ್ದಿ ಹೇಳಿದಳು. ಮಠದವರು ಹೊಸದಾಗಿ ಊಟದ ಮನೆ ಕಟ್ಟಿಸಿದಾಗ ಗೋಡೆಯ ಕಲ್ಲಿನಲ್ಲಿ ದೊಡ್ಡಬಸಪ್ಪನವರ ಹೆಸರು ಇನ್ನೊಬ್ಬರ ಹೆಸರಿನ ಕೆಳಗೆ ಬಂದಿತ್ತಂತೆ. ಆವತ್ತೇ ಅವರು ಇನ್ನು ಈ ಮಠದ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದರಂತೆ. ಅತ್ತಿಗೆಗೆ ಹೊಸ ಲಿಂಗ ಕಟ್ಟಿಸಬೇಕೆಂದರೆ ಮನೆಯ ಯಜಮಾನ ಮಠಕ್ಕೆ ಹೋಗಿ ತಲೆಬಾಗಬೇಕು. ಅದಕ್ಕಿಂತ ಅತ್ತಿಗೆಯ ಉಪವಾಸ ಅವರಿಗೆ ಸುಲಭವಾಗಿ ಕಂಡಿತ್ತು. ಆಚಾರದ ಬುಡದಲ್ಲಿ ಇದ್ದದ್ದು ಇಷ್ಟೇ, ಒಂದು ಕಲ್ಲಿನ ಮೇಲಿನ ಒಂದು ಸಾಲು.

ಮಠದಲ್ಲಿ ಸ್ವಾಮಿಗಳು ಹೆಚ್ಚು ಮಾತಾಡಲಿಲ್ಲ. ನೀಲಮ್ಮನವರು ಸ್ನಾನ ಮಾಡಿ ಬಂದ ಮೇಲೆ ವಿಭೂತಿ ಹಚ್ಚಿ, ಹೊಸ ಲಿಂಗ ಕೈಗಿಟ್ಟರು. ಆಮೇಲೆ ಕೇಳಿದರು, "ಈ ವಯಸ್ಸಿನಾಗ ಹೊಳಿಗಿ ಯಾಕ ಹೋಗಿದ್ದೆವ್ವ?"

"ಹರಿಗೋಲು ಸುತ್ತಾಕ ಬುದ್ಧಿ. ಗರಗರ ಸುತ್ತಸ್ತಾರ. ಭಾಳ ಚಲೋ ಇರ್ತೈತಿ" ಎಂದರು ನೀಲಮ್ಮನವರು. ಸ್ವಾಮಿಗಳು ನಕ್ಕುಬಿಟ್ಟರು.

ಪೂಜೆ ಮುಗಿಯಿತು. ಊಟದ ಮನೆಯಲ್ಲಿ ಎಲೆ ಹಾಕಿದರು. ಬೆಳಗಿನಿಂದ ಹಸಿದ ತಂಡ ಓಡಿ ಬಂದು ಕೂತಿತು. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು ಬಿದ್ದವು. ನೀಲಮ್ಮನವರು ಸಾಲನ್ನೆಲ್ಲ ಒಮ್ಮೆ ನೋಡಿ ಎಲೆಯ ಮುಂದಿನಿಂದ ಎದ್ದು ಬಸ್ಸಿನ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ದೊಡ್ಡಬಸಪ್ಪ ಕಿಟಕಿಯ ಗಾಜು ಏರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

"ಇಳಿ. ಉಣ್ಣು ಬಾ."

"ನನಗ ಹಸಿವಿಲ್ಲ."

"ನೀನ ಹೇಳಿದಿ, ಮನಿ ಮಂದಿಯಾಗ ಒಬ್ರು ಉಪವಾಸ ಇದ್ರ ಉಳದವ್ರು ಉಣ್ಣಂಗಿಲ್ಲಂತ. ನೀ ಬರೂತನ ನಾ ಎಲಿ ಮುಟ್ಟೂದಿಲ್ಲ. ಗುಳಿಗಿ ನುಂಗೀನಿ, ಗೊತ್ತೈತಲ್ಲ. ಆಚಾರ ನಿಂದು, ಜೀವ ನಂದು. ಏನು ಮಾಡ್ತಿ ನೋಡು."

ಊಟದ ಮನೆಯ ಬಾಗಿಲಲ್ಲಿ ಇಡೀ ತಂಡ ಬಂದು ನಿಂತಿತು. ಯಾರೂ ಊಟಕ್ಕೆ ಕೈ ಹಾಕಿರಲಿಲ್ಲ. ಹಸಿದ ಅಷ್ಟು ಜನ ಒಬ್ಬ ಮನುಷ್ಯನನ್ನು ಹಾಗೆ ನೋಡುವುದನ್ನು ನಾನು ಮತ್ತೆಂದೂ ಕಂಡಿಲ್ಲ. ದೊಡ್ಡಬಸಪ್ಪ ಶಲ್ಯ ಸರಿಮಾಡಿಕೊಂಡರು, ಕೆಮ್ಮಿದರು, ಬಸ್ಸಿನ ಮೆಟ್ಟಿಲಿಳಿದರು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತರು. ಆ ಕಲ್ಲು ಅಲ್ಲೇ ಗೋಡೆಯಲ್ಲಿತ್ತು. ಅದರ ಕಡೆ ನೋಡದೆ ಒಳಗೆ ಬಂದರು.

ನೀಲಮ್ಮನವರು ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವರು ಮೊದಲ ತುತ್ತು ನುಂಗುವ ತನಕ ಕಾದು, ಆಮೇಲೆ ತಮ್ಮ ರೊಟ್ಟಿ ಮುರಿದರು. ತಂಡದ ಕೈಗಳೆಲ್ಲ ಒಟ್ಟಿಗೆ ಎಲೆಗಿಳಿದವು. ಹಸಿವಿಲ್ಲ ಎಂದ ದೊಡ್ಡಬಸಪ್ಪನವರ ಎಲೆ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಅವರು ತಲೆ ತಗ್ಗಿಸಿಕೊಂಡು ಕೂತರು, ಕೇಳಲು ಬಾಯಿ ಬರಲಿಲ್ಲ.

ನೀಲಮ್ಮನವರೇ ಬಡಿಸುವವನನ್ನು ಕರೆದರು. ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು:

"ಏ ತಮ್ಮಾ, ನಮ್ಮ ಮೈದುನಗ ಇನ್ನೆರಡು ರೊಟ್ಟಿ ಹಾಕು. ಪಾಪ, ಮುಂಜಾನಿಂದ ಹೊಳ್ಯಾಗ ಮುಳುಗಿ ಮುಳುಗಿ ದಣದಾನ."